ಆಕಿ ಉಣ್ಣಂಗಿಲ್ರೀ ಮೇಡಂ: ಸಿಸ್ಟಿಕ್ ಫೈಬ್ರೋಸಿಸ್ ಇರುವ ಹುಡುಗಿಯೊಬ್ಬಳ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಹೆಸರು, ಓದು, ಮನೆಯ ಕೆಲವು ವಿವರ ಎಲ್ಲ ಬದಲಾಯಿಸಿದ್ದೇನೆ. ಹುಡುಗಿಯನ್ನು ಪಲ್ಲವಿ ಅಂತ ಕರೆಯೋಣ. ವಯಸ್ಸು 19, ಬಿಕಾಂ ಎರಡನೇ ವರ್ಷ. ಊರು ಕೊಪ್ಪಳ ಜಿಲ್ಲೆಯದು. ಅಪ್ಪನಿಗೆ ಕಿರಾಣಿ ಅಂಗಡಿ. ಮನೆಯಲ್ಲಿ ಅವ್ವ, ಅಜ್ಜಿ, ಪಿಯುಸಿ ಓದುವ ತಮ್ಮ. ಪಕ್ಕಾ ಸಸ್ಯಾಹಾರಿ ಮನೆ. ಈ ಕೊನೆಯ ಮಾತು ಸುಮ್ನೆ ಹೇಳಿದ್ದಲ್ಲ, ಮುಂದೆ ಗೊತ್ತಾಗುತ್ತದೆ.

ಆರು ತಿಂಗಳಲ್ಲಿ ಅವಳ ತೂಕ 42 ಕೆಜಿಯಿಂದ 38ಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ಅವಳನ್ನು ನೋಡುವ ಡಾಕ್ಟರು ಕಫ ಪರೀಕ್ಷೆ ಮಾಡಿಸಿದ್ದರು. ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದ್ದರು. ಅವಳಿಗಿರುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಲ್ಲಿ ವಯಸ್ಸಾಗುತ್ತ ಸಕ್ಕರೆ ಕಾಯಿಲೆ ಸೇರಿಕೊಳ್ಳುವುದು ಸಾಮಾನ್ಯ, ಅದರ ಮೊದಲ ಸೂಚನೆ ಎಷ್ಟೋ ಸಲ ತೂಕ ಇಳಿಯುವುದೇ. ಅದಕ್ಕೇ 10 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಆ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಎರಡರಲ್ಲೂ ಹೊಸದೇನೂ ಕಾಣಲಿಲ್ಲ. ಉಸಿರಿನ ಪರೀಕ್ಷೆ ಮಾತ್ರ ಸ್ವಲ್ಪ ಕೆಳಗೆ ಬಂದಿತ್ತು. ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ ಅನ್ನುವ ಅನುಮಾನದ ಮೇಲೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದರು.

ಕುರ್ಚಿಯಲ್ಲಿ ಕೂರುವ ಮೊದಲೇ ಅವರವ್ವ ಶುರು ಮಾಡಿದರು. "ಆಕಿ ಉಣ್ಣಂಗಿಲ್ರೀ ಮೇಡಂ. ಎಕ್ಸರ್‌ಸೈಜ್ ಅಂದ್ರ ಮಾರಿ ತಿರುವ್ತಾಳ. ಕಾಲೇಜಿಂದ ಬಂದು ಬಿದ್ಕೊಂಡ್ಲಂದ್ರ ಸಂಜಿ ಆರಕ್ಕ ಏಳ್ತಾಳ. ನಾ ಒಬ್ಬಾಕಿ ಎಷ್ಟಂತ ಬೆನ್ನು ಹತ್ತಲಿ ಹೇಳ್ರೀ."

ಊಟ ಇಲ್ಲ, ವ್ಯಾಯಾಮ ಇಲ್ಲ, ನಿದ್ದೆ ಅತಿ. ಮೂರು ದೂರು. ಹುಡುಗಿ ನೆಲ ನೋಡುತ್ತ ಕೂತಿದ್ದಳು.

ಗೊತ್ತಿಲ್ಲದವರಿಗಾಗಿ ಕಾಯಿಲೆಯ ಬಗ್ಗೆ ಎರಡು ಮಾತು. ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಕಾಯಿಲೆ. ಅಂಟುರೋಗ ಅಲ್ಲ. 7ನೇ ಕ್ರೋಮೋಸೋಮಿನಲ್ಲಿರುವ ಸಿಎಫ್‌ಟಿಆರ್ ಅನ್ನುವ ಜೀನಿನ ತೊಂದರೆ ಇದು, ಆ ಜೀನನ್ನು ಕಂಡುಹಿಡಿದದ್ದು 1989ರಲ್ಲಿ. ತಂದೆ ತಾಯಿ ಇಬ್ಬರೂ ತಮಗೇ ಗೊತ್ತಿಲ್ಲದೆ ಕೆಟ್ಟ ಪ್ರತಿಯೊಂದನ್ನು ಇಟ್ಟುಕೊಂಡಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಜೀವಕೋಶಗಳಲ್ಲಿ ಉಪ್ಪು, ನೀರು ಓಡಾಡುವ ದಾರಿ ಸರಿಯಿರುವುದಿಲ್ಲ. ಹಾಗಾಗಿ ಎದೆಯ ಕಫ ಅಂಟಂಟಾಗಿ ಗಟ್ಟಿಯಾಗುತ್ತದೆ, ಸೋಂಕು ಅಲ್ಲೇ ಮನೆ ಮಾಡುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳೂ ಕಟ್ಟಿಕೊಂಡು, ಹೆಚ್ಚಿನವರಿಗೆ ತಿಂದ ಜಿಡ್ಡು ಜೀರ್ಣವೇ ಆಗುವುದಿಲ್ಲ. ಬೆವರಿನಲ್ಲಿ ಉಪ್ಪು ಸಿಕ್ಕಾಪಟ್ಟೆ ಹೋಗುತ್ತದೆ. ಪಲ್ಲವಿ ಕೂಸಾಗಿದ್ದಾಗ ಮುದ್ದು ಕೊಟ್ಟರೆ ಬಾಯಿ ಉಪ್ಪುಪ್ಪು ಆಗುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರಂತೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಇದು ಬಿಳಿಯರ ಕಾಯಿಲೆ ಅಂತ ನಮ್ಮಲ್ಲಿ ತುಂಬಾ ಕಾಲ ನಂಬಿದ್ದರಿಂದ ಪತ್ತೆ ತಡವಾಗುತ್ತದೆ. ಇವಳಿಗೂ ಮೊದಲು ಅಸ್ತಮಾ ಅಂದರು, ಆಮೇಲೆ ಟಿಬಿ ಮಾತ್ರೆ ನುಂಗಿಸಿದರು. ಕೊನೆಗೆ 11ನೇ ವಯಸ್ಸಿನಲ್ಲಿ ಬೆವರಿನ ಪರೀಕ್ಷೆ ಆಯಿತು. ಒಂದು ಲೀಟರ್ ಬೆವರಿನಲ್ಲಿ ಕ್ಲೋರೈಡ್ 60 ಮಿಲಿಮೋಲ್ ಮುಟ್ಟಿದರೆ ಕಾಯಿಲೆ ಅಂತ ಲೆಕ್ಕ. ಅವಳದು ಅದನ್ನು ಎಷ್ಟೋ ದಾಟಿತ್ತು.

ಅವ್ವನನ್ನು ಚಹಾ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದೆ. ಪಲ್ಲವಿ ಹತ್ತಿರ ಊಟದ ಬಗ್ಗೆ ಏನೂ ಕೇಳಲಿಲ್ಲ. ಈ ಕಾಯಿಲೆಯ ಮಕ್ಕಳಿಗೆ ಊಟದ ಪ್ರಶ್ನೆ ಹುಟ್ಟಿದಾಗಿನಿಂದ ಕೇಳಿ ಕೇಳಿ ಉತ್ತರ ಬಾಯಿಪಾಠ ಆಗಿರುತ್ತದೆ. "ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಸಲ ಎದ್ದೆ?" ಅಂತ ಕೇಳಿದೆ. ಅವಳು ಮೊದಲ ಸಲ ತಲೆ ಎತ್ತಿದಳು. "ಯಾರೂ ಕೇಳಿರ್ಲಿಲ್ಲ ಮೇಡಂ ಇದನ್ನ."

ರಾತ್ರಿಯ ಕತೆ ಹೀಗಿತ್ತು. ಕಾಲೇಜಿನಿಂದ ಬಂದು ಮಲಗಿ ಆರಕ್ಕೆ ಏಳುವುದು. ನಡುಮನೆಯಲ್ಲಿ ಅಜ್ಜಿಯ ಧಾರಾವಾಹಿ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಯಂತ್ರ ಸದ್ದು ಮಾಡುತ್ತದೆ ಅಂತ ಅದು ಮುಗಿಯುವವರೆಗೂ ಕಾಯುವುದು. ಒಂಬತ್ತೂವರೆಗೆ ಊಟ. ಹತ್ತೂವರೆಗೆ ಮೊದಲು ಉಸಿರಿನ ದಾರಿ ಬಿಡಿಸುವ ಔಷಧಿ, ಆಮೇಲೆ ಗಟ್ಟಿ ಉಪ್ಪುನೀರಿನ ನೆಬ್ಯುಲೈಜರ್. ಆ ಉಪ್ಪುನೀರು ಕಫ ತೆಳು ಮಾಡುವುದಕ್ಕೇ ಇರುವುದು, ಹಾಗಾಗಿ ಅದಾದ ಮೇಲೆ ಸುಮಾರು ಹೊತ್ತು ಕೆಮ್ಮು ಬಂದೇ ಬರುತ್ತದೆ. ಉಸಿರು ಬಿಡಿಸುವ ಔಷಧಿಗೆ ಕೆಲವರಿಗೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಹೀಗಿರುವಾಗ ಹನ್ನೊಂದೂವರೆಗೆ ಹಾಸಿಗೆಗೆ ಬಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಒಂದೂವರೆವರೆಗೂ ಫೋನು. ಮೂರಕ್ಕೆ ಹೊಟ್ಟೆ ನೋವು, ಗ್ಯಾಸು, ಪಾಯಿಖಾನೆಗೆ ಓಟ. ಐದೂವರೆಗೆ ಅವ್ವ ಎಬ್ಬಿಸುತ್ತಾರೆ, ಬೆಳಗಿನ ನೆಬ್ಯುಲೈಜರ್, ಕಫ ತೆಗೆಯುವ ಕೆಲಸ, ಆಮೇಲೆ ಎಂಟರ ಬಸ್ಸು. ಲೆಕ್ಕ ಹಾಕಿ, ರಾತ್ರಿ ನಿದ್ದೆ ನಾಲ್ಕು ತಾಸೂ ಇಲ್ಲ. ಮಧ್ಯಾಹ್ನ ಮಲಗದೆ ಏನು ಮಾಡುತ್ತಾಳೆ? ಮಲಗಿದರೆ ಮಧ್ಯಾಹ್ನದ ಊಟ ಹೋಯಿತು, ಎದ್ದ ಮೇಲೆ ಹಸಿವು ಸತ್ತಿರುತ್ತದೆ, ವ್ಯಾಯಾಮಕ್ಕೆ ಮೈಯಲ್ಲಿ ತ್ರಾಣ ಇರುವುದಿಲ್ಲ. ಓಡಾಟ ಇಲ್ಲದೆ ಕಫ ಎದೆಯಲ್ಲೇ ಕೂತು ರಾತ್ರಿ ಮತ್ತೆ ಕೆಮ್ಮು.

ಅವ್ವ ಹೇಳಿದ ಮೂರು ದೂರೂ ಒಂದೇ ಹಗ್ಗದ ಗಂಟುಗಳು. ಮೂರು ದೂರಿಗೆ ಮೂರು ಉಪದೇಶ ಕೊಟ್ಟಿದ್ದರೆ ಅವಳ ದಿನಕ್ಕೆ ಇನ್ನೂ ಮೂರು ಕೆಲಸ ಸೇರುತ್ತಿತ್ತು, ಅಷ್ಟೇ.

ಒಂದು ವಾರದ ಲೆಕ್ಕ ಬರೆದುಕೊಂಡು ಬಾ ಅಂದೆ. ಯಾವಾಗ ಮಲಗಿದೆ, ಯಾವಾಗ ಎದ್ದೆ, ಯಾಕೆ ಎದ್ದೆ, ಯಾವ ಊಟಕ್ಕೆ ಜೀರ್ಣದ ಗುಳಿಗೆ ತಗೊಂಡೆ. ಮನೆಯಲ್ಲಿ ಯಾರಿಗೂ ತೋರಿಸಬೇಕಾಗಿಲ್ಲ, ನಾನೂ ಬಯ್ಯುವುದಿಲ್ಲ ಅಂತ ಹೇಳಿದೆ. ಜೊತೆಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಆತಂಕ ಅಳೆಯುವ ಜಿಎಡಿ-7 ಅನ್ನುವ ಎರಡು ಪ್ರಶ್ನಾವಳಿ ತುಂಬಿಸಿದೆ. ಈ ಕಾಯಿಲೆ ಇರುವ 12 ವರ್ಷ ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ಇವನ್ನು ಮಾಡಿ ಅಂತ ಅಮೆರಿಕ ಮತ್ತು ಯುರೋಪಿನ ಸಿಸ್ಟಿಕ್ ಫೈಬ್ರೋಸಿಸ್ ಸಂಸ್ಥೆಗಳು ಶಿಫಾರಸು ಮಾಡಿವೆ. ಖಿನ್ನತೆ ಸಣ್ಣ ಮಟ್ಟದ್ದು, ಆತಂಕ ಅದಕ್ಕಿಂತ ಜಾಸ್ತಿ ಇತ್ತು. ಸಾಯುವ ಯೋಚನೆಯ ಬಗ್ಗೆ ಇರುವ ಒಂಬತ್ತನೇ ಪ್ರಶ್ನೆಯನ್ನು ಬಾಯಿಬಿಟ್ಟೇ ಕೇಳಿದೆ. ಇಲ್ಲ ಅಂದಳು.

ಮುಂದಿನ ಸಲ ತಂದ ನೋಟ್‌ಬುಕ್ಕಿನಲ್ಲಿ ಗುಳಿಗೆಯ ಕಾಲಂ ನೋಡಿ ನನಗೆ ಅರ್ಥವಾಯಿತು. ಬೆಳಗ್ಗೆ ಅವ್ವನ ಎದುರು ತಿಂಡಿ ತಿನ್ನುವಾಗ ಮಾತ್ರ ಟಿಕ್. ಮಧ್ಯಾಹ್ನ, ರಾತ್ರಿ ಖಾಲಿ.

ಇದು ಜೀರ್ಣಕ್ಕೆ ಕೊಡುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್. ಗ್ರಂಥಿಯಿಂದ ಬರಬೇಕಾದ ಕಿಣ್ವಗಳನ್ನು ಹೊರಗಿನಿಂದ ಕೊಡುವುದು. ಇಲ್ಲದಿದ್ದರೆ ತುಪ್ಪ ತಿಂದರೂ ಒಂದೇ, ಬಿಟ್ಟರೂ ಒಂದೇ, ಹೊಟ್ಟೆ ಉಬ್ಬಿ ಎಣ್ಣೆ ತೇಲುವ ಮಲವಾಗಿ ಹೋಗಿಬಿಡುತ್ತದೆ. ರಾತ್ರಿ ಮೂರರ ಹೊಟ್ಟೆ ನೋವಿಗೆ ಕಾರಣ ಸಿಕ್ಕಿತು. ಯಾಕೆ ಬಿಟ್ಟೆ ಅಂತ ಕೇಳಿದರೆ, ಕಾಲೇಜಿನಲ್ಲಿ ಎಲ್ಲರೂ ನೋಡುತ್ತಾರೆ, ಏನು ಗುಳಿಗೆ ಅಂತ ಕೇಳುತ್ತಾರೆ ಅಂದಳು. ರಾತ್ರಿ ಮನೆಯಲ್ಲಿ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹಂದಿದು ಮೇಡಂ" ಅಂದಳು.

ಹೌದು, ಹಂದಿಯದೇ. ಡಾಕ್ಟರು ಬರೆಯುವ ಪ್ಯಾಂಕ್ರಿಯಾಟಿನ್ ಹಂದಿಯ ಮೇದೋಜೀರಕ ಗ್ರಂಥಿಯಿಂದ ತಯಾರಾಗುತ್ತದೆ. ಅವಳು ಆರು ತಿಂಗಳ ಹಿಂದೆ ಫೋನಿನಲ್ಲಿ ಏನೋ ಹುಡುಕುವಾಗ ಓದಿದ್ದಳು. ಪಕ್ಕದಲ್ಲೇ ಅಜ್ಜಿ ಪೂಜೆ ಮುಗಿಸಿ ಊಟಕ್ಕೆ ಕೂತಿರುವಾಗ ಅದನ್ನು ನುಂಗುವುದು ಅವಳಿಂದ ಆಗಲಿಲ್ಲ. ಅವ್ವನಿಗೆ ಹೇಳಿದರೆ ಅವ್ವ ನೊಂದುಕೊಳ್ಳುತ್ತಾರೆ, ಇಷ್ಟು ವರ್ಷ ತಿನ್ನಿಸಿದೆನಲ್ಲ ಅಂತ ಅಳುತ್ತಾರೆ ಅಂತ ಹೆದರಿಕೆ. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದಳು.

ಅವ್ವನ ಜೊತೆ ಬೇರೆಯಾಗಿ ಕೂತಾಗ ನಾನು ಆ ವಿಷಯ ಎತ್ತಲೇ ಇಲ್ಲ, ಗುಟ್ಟು ಅವಳದ್ದು. ಆದರೆ ಅವ್ವನೇ ದನಿ ತಗ್ಗಿಸಿ, "ಒಂದ್ ಮಾತು ಮೇಡಂ, ಆ ಗುಳಿಗಿ ಯಾವುದ್ರಿಂದ ಮಾಡ್ತಾರಂತ ಆಕಿಗೆ ಹೇಳಬ್ಯಾಡ್ರೀ, ತಗೊಳ್ಳೋದು ಬಿಟ್ಬಿಡ್ತಾಳ" ಅಂದರು. ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು! ಒಂದೇ ಮನೆಯಲ್ಲಿ ಇಬ್ಬರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಡುತ್ತಿದ್ದರು. ಪಲ್ಲವಿಯ ಒಪ್ಪಿಗೆ ಕೇಳಿ ಇಬ್ಬರನ್ನೂ ಎದುರುಬದುರು ಕೂರಿಸಿದೆ. ಅತ್ತರು. ಆಮೇಲೆ ಇಬ್ಬರೂ ನಕ್ಕರು, ಅದೂ ಜೋರಾಗಿ.

ಇಲ್ಲಿ ನಾನು ಕೊಟ್ಟ ಸಲಹೆ ನೇರವಾಗಿತ್ತು. ಅಂಗಡಿಯಲ್ಲಿ ಸಸ್ಯಾಹಾರಿ ಅಂತ ಮಾರುವ ಜೀರ್ಣದ ಕಿಣ್ವಗಳು ಇದರ ಜಾಗ ತುಂಬುವುದಿಲ್ಲ. ಈ ಗುಳಿಗೆ ಬಿಟ್ಟರೆ ಏನಾಗುತ್ತದೆ ಅಂತ ನಿನ್ನ ಮೈಯೇ ಆರು ತಿಂಗಳಲ್ಲಿ ತೋರಿಸಿದೆ. ತಗೋ ಅಥವಾ ಬಿಡು ಅಂತ ಹೇಳುವ ಅಧಿಕಾರ ನನಗಿಲ್ಲ, ನೀನು 19ರ ಹುಡುಗಿ, ಆದರೆ ಗೊತ್ತಿದ್ದು ನಿರ್ಧಾರ ಮಾಡು, ಅಸಹ್ಯ ಅನ್ನಿಸಿದರೆ ಅದನ್ನೂ ಇಲ್ಲಿ ಬಂದು ಹೇಳು, ಕದ್ದು ಬಿಡಬೇಡ. ತಗೊಳ್ಳುತ್ತೇನೆ ಅಂದಳು. ಅಜ್ಜಿಗೆ ಹೇಳಬೇಕಾ ಅಂತ ಅವ್ವ ಕೇಳಿದರು. ನನ್ನ ಅಭಿಪ್ರಾಯದಲ್ಲಿ ಬೇಕಿಲ್ಲ. ಸತ್ಯ ಎಲ್ಲರಿಗೂ ಹೇಳಲೇಬೇಕು ಅನ್ನುವ ಹಟ ಆಪ್ತಸಲಹೆಗಾರರಿಗೆ ಇರಬಾರದು. ಅಜ್ಜಿಗೆ ಅದು ಜೀರ್ಣದ ಗುಳಿಗೆ, ಅದು ಸುಳ್ಳೂ ಅಲ್ಲ.

ಗುಳಿಗೆಯ ಬಗ್ಗೆ ಇನ್ನೊಂದಿಷ್ಟು ವಿಷಯ ಡಯಟೀಶಿಯನ್ ಜೊತೆ ಕೂತು ಹೇಳಿದ್ದು. ಊಟ ಶುರು ಮಾಡುವಾಗಲೇ ನುಂಗಬೇಕು, ಊಟ ಅರ್ಧ ತಾಸು ದಾಟಿ ಎಳೆದರೆ ಅರ್ಧ ಮೊದಲು, ಅರ್ಧ ನಡುವೆ. ಅಗಿಯಬಾರದು, ಪುಡಿ ಮಾಡಬಾರದು, ಬಿಸಿ ಹಾಲಿಗೆ ಹಾಕಬಾರದು. ಹಾಲು ಹಾಕಿದ ಚಹಾ, ಬಿಸ್ಕೆಟ್, ಮಿರ್ಚಿ ಎಲ್ಲದರಲ್ಲೂ ಜಿಡ್ಡು ಇದೆ, ಅವಕ್ಕೂ ಬೇಕು, ಬರೀ ಹಣ್ಣಿಗೆ, ಶರಬತ್ತಿಗೆ ಬೇಡ. ಹೊಟ್ಟೆ ಉಬ್ಬಿತು ಅಂತ ನೀನೇ ಎರಡು ಜಾಸ್ತಿ ನುಂಗಬೇಡ. ದಿನಕ್ಕೆ ಮೈತೂಕದ ಕೆಜಿಗೆ 10,000 ಯೂನಿಟ್ ಲೈಪೇಸ್ (ಗುಳಿಗೆಯಲ್ಲಿರುವ, ಜಿಡ್ಡು ಜೀರ್ಣಿಸುವ ಕಿಣ್ವ) ಮೀರಬಾರದು ಅನ್ನುವ ಮಿತಿ ಇದೆ, ಅತಿಯಾದ ಡೋಸಿನಿಂದ ದೊಡ್ಡ ಕರುಳು ಕಿರಿದಾದ ಮಕ್ಕಳ ಪ್ರಕರಣಗಳು 1990ರ ದಶಕದಲ್ಲಿ ಬಂದ ಮೇಲೆ ಆ ಮಿತಿ ಹಾಕಿದ್ದು. ಡಬ್ಬಿ ಎಲ್ಲಿಟ್ಟಿದ್ದೀರಿ ಅಂತ ಡಯಟೀಶಿಯನ್ ಕೇಳಿದರು. ಒಲೆಯ ಪಕ್ಕದ ಗೂಡಿನಲ್ಲಂತೆ! ಕೊಪ್ಪಳದ ಬೇಸಿಗೆ, ಪಕ್ಕದಲ್ಲಿ ಒಲೆ. ಬಿಸಿಗೆ ಕಿಣ್ವದ ಶಕ್ತಿ ಕಡಿಮೆಯಾಗುತ್ತದೆ, ಅಂದರೆ ತಗೊಂಡ ಬೆಳಗಿನ ಗುಳಿಗೆಯೂ ಪೂರ್ತಿ ಕೆಲಸ ಮಾಡಿತ್ತೋ ಇಲ್ಲವೋ. ಮನೆಯಲ್ಲಿ ಅತಿ ತಂಪಿರುವ, ಒಣಗಿರುವ ಜಾಗಕ್ಕೆ ಡಬ್ಬಿ ಹೋಯಿತು.

ಇನ್ನು ಅಡುಗೆಮನೆ. ಎಂಟು ತಿಂಗಳ ಹಿಂದೆ ಅಪ್ಪನಿಗೆ ಬಿಪಿ ಅಂತ ಗೊತ್ತಾಗಿ, ಉಪ್ಪು ಕಡಿಮೆ, ಎಣ್ಣೆ ಕಡಿಮೆ ಅಂದಿದ್ದರಂತೆ. ಅವ್ವ ಪಾಪ ಇಡೀ ಮನೆಗೆ ಒಂದೇ ಅಡುಗೆ ಮಾಡಿದರು. ಉಪ್ಪಿನಕಾಯಿ ಭರಣಿ ಅಟ್ಟ ಸೇರಿತು. ಅಪ್ಪನಿಗೆ ಒಳ್ಳೆಯದಾದದ್ದೇ ಮಗಳಿಗೆ ಕೆಟ್ಟದ್ದಾಯಿತು. ಈ ಕಾಯಿಲೆಯಲ್ಲಿ ಆರೋಗ್ಯದ ಬಗ್ಗೆ ಊರೆಲ್ಲ ಹೇಳುವ ಬುದ್ಧಿಮಾತು ತಿರುವುಮುರುವು. ಅದೇ ವಯಸ್ಸಿನ ಬೇರೆಯವರಿಗಿಂತ ಜಾಸ್ತಿ ಕ್ಯಾಲೊರಿ ಬೇಕು, ಕೆಲವರಿಗೆ ಒಂದೂವರೆಪಟ್ಟು, ಎರಡುಪಟ್ಟು. ಅದರಲ್ಲಿ ನೂರಕ್ಕೆ 35ರಿಂದ 40 ಭಾಗ ಜಿಡ್ಡಿನಿಂದಲೇ ಬರಬೇಕು. ಅಪ್ಪನಿಗೆ ಇದು ನಂಬಿಕೆ ಬರಲಿಲ್ಲ. ಲೆಕ್ಕದ ಮನುಷ್ಯ, ಹಾಗಾಗಿ ಲೆಕ್ಕವನ್ನೇ ಹೇಳಿದೆ. ಹಿಂದೆ ಹೊರದೇಶಗಳಲ್ಲೂ ಈ ಮಕ್ಕಳಿಗೆ ಜಿಡ್ಡು ಬಿಡಿಸುತ್ತಿದ್ದರು. ಕೆನಡಾದ ಟೊರೊಂಟೊ ಕ್ಲಿನಿಕ್ ಮಾತ್ರ ಗುಳಿಗೆ ಜಾಸ್ತಿ ಕೊಟ್ಟು ಜಿಡ್ಡೂ ಧಾರಾಳ ತಿನ್ನಿಸಿತು. 1988ರಲ್ಲಿ ಅಮೆರಿಕದ ಬಾಸ್ಟನ್ ಕ್ಲಿನಿಕ್ ಜೊತೆ ಹೋಲಿಸಿದಾಗ ಟೊರೊಂಟೊದವರು ಎತ್ತರ ಬೆಳೆದಿದ್ದರು, ಅರ್ಧದಷ್ಟು ಜನ ಬದುಕಿರುವ ವಯಸ್ಸು ಬಾಸ್ಟನ್‌ನಲ್ಲಿ 21, ಟೊರೊಂಟೊದಲ್ಲಿ 30. ಅಪ್ಪ ಒಂಬತ್ತು ವರ್ಷದ ವ್ಯತ್ಯಾಸ ಅಂತ ತಾವೇ ಕಳೆದು ಹೇಳಿದರು. ಮರುದಿನವೇ ಭರಣಿ ಕೆಳಗಿಳಿಯಿತು.

ಎರಡು ಅಡುಗೆ ಮಾಡುವುದು ಬೇಡ, ಅದು ಒಂದು ತಿಂಗಳೂ ನಡೆಯುವುದಿಲ್ಲ. ಅಡುಗೆ ಅಪ್ಪನ ಲೆಕ್ಕಕ್ಕೆ ಇರಲಿ, ಉಪ್ಪು, ತುಪ್ಪ, ಬೆಣ್ಣೆ ಪಲ್ಲವಿಯ ತಟ್ಟೆಯ ಮೇಲೆ ಬೀಳಲಿ. ಆ ಕಡೆಯ ಊಟ ಈ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ, ನಿಜವಾಗಿ. ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ), ಗುರೆಳ್ಳು ಹಿಂಡಿ, ಎಣಗಾಯಿ, ಕೆನೆ ಮೊಸರು, ಶೇಂಗಾ ಹೋಳಿಗೆ. ನೂರು ಗ್ರಾಂ ಶೇಂಗಾದಲ್ಲಿ 560 ಕ್ಯಾಲೊರಿ ದಾಟುತ್ತದೆ. ತೊಂದರೆ ಎಲ್ಲಿ ಅಂದರೆ, ಎರಡು ಜೋಳದ ರೊಟ್ಟಿ ತಿಂದರೆ ಹೊಟ್ಟೆ ತುಂಬಿಬಿಡುತ್ತದೆ, ಹಿಂಡಿ ಹಾಗೇ ಉಳಿಯುತ್ತದೆ. ಹಾಗಾಗಿ ರೊಟ್ಟಿ ಒಂದೇ, ಬೆಣ್ಣೆ ಸವರಿ, ಹಿಂಡಿಗೆ ಎಣ್ಣೆ ಕಲಸಿ, ಮೊಸರು ಜಾಸ್ತಿ. ಕಾಲೇಜಿಗೆ ಶೇಂಗಾ ಉಂಡಿ. ಎ, ಡಿ, ಇ, ಕೆ ವಿಟಮಿನ್ ಜಿಡ್ಡಿನ ಜೊತೆ ಹೀರಿಕೊಳ್ಳುವಂಥವು, ಅವಕ್ಕೆ ಡಾಕ್ಟರು ಬೇರೆ ಮಾತ್ರೆ ಬರೆದಿದ್ದರು, ಅದೂ ಊಟ ಮತ್ತು ಗುಳಿಗೆ ಜೊತೆಗೇ.

ಊಟದ ಬಗ್ಗೆ ಮಾತು ನಿಲ್ಲಿಸಿ ಅಂತ ಅವ್ವನಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟದ ಸಲಹೆ. ತಟ್ಟೆ ಇಡಿ, ಅರ್ಧ ತಾಸು ಬಿಟ್ಟು ಎತ್ತಿಬಿಡಿ. ಉಣ್ಣು ಉಣ್ಣು ಅನ್ನಬೇಡಿ. "ಅನ್ನದಿದ್ರ ಉಣ್ತಾಳನ್ರೀ?" ಅಂದರು. ಅಂದಾಗ ಉಂಡಿದ್ದಾಳಾ ಅಂತ ಕೇಳಿದೆ.

ನಿದ್ದೆಗೆ ನಾವು ಮಾಡಿದ್ದು ಸಮಯ ಸರಿಸಿದ್ದು ಅಷ್ಟೇ. ಡಾಕ್ಟರು, ಫಿಸಿಯೋ ಒಪ್ಪಿಗೆ ಪಡೆದು ಸಂಜೆಯ ಉಪ್ಪುನೀರಿನ ನೆಬ್ಯುಲೈಜರ್ ಆರೂವರೆಗೆ ಬಂತು. ಕೆಮ್ಮು ಬಂದು ಕಫ ಹೋಗುವುದೆಲ್ಲ ಎಂಟರೊಳಗೆ ಮುಗಿಯುತ್ತದೆ. ಮಷೀನು ಮಹಡಿಯ ಕೋಣೆಗೆ ಹೋಯಿತು, ಧಾರಾವಾಹಿ ಜಗಳ ಮುಗಿಯಿತು. ಊಟ ಎಂಟಕ್ಕೆ, ಹಾಸಿಗೆ ಹತ್ತೂವರೆಗೆ. ಉಂಡ ತಕ್ಷಣ ಮಲಗಿದರೆ ಹುಳಿ ಗಂಟಲಿಗೆ ಬಂದು ಅದೂ ಕೆಮ್ಮು ತರಿಸುತ್ತದೆ. ಮಧ್ಯಾಹ್ನದ ನಿದ್ದೆ ಪೂರ್ತಿ ಬಿಡು ಅನ್ನಲಿಲ್ಲ, ಅದು ಆಗದ ಮಾತು. ಮೊದಲು ಊಟ, ಆಮೇಲೆ ಅಲಾರಂ ಇಟ್ಟು ಅರ್ಧ ತಾಸು. ಫೋನಿನ ಬಗ್ಗೆ ನಾನು ಜಾಸ್ತಿ ಮಾತಾಡಲಿಲ್ಲ. ಕೆಮ್ಮು ನಿಂತ ಮೇಲೆ ಫೋನು ತಾನೇ ಕಡಿಮೆಯಾಯಿತು. ನಿದ್ದೆ ಬಾರದ್ದಕ್ಕೆ ಫೋನು ಹಿಡಿದಿದ್ದಳೇ ಹೊರತು ಫೋನಿನಿಂದ ನಿದ್ದೆ ಹೋಗಿದ್ದಲ್ಲ. ಇಷ್ಟೆಲ್ಲ ಆದರೂ ಬೆಳಗ್ಗೆ ತಲೆನೋವು ಇದೆ ಅಂದಿದ್ದಕ್ಕೆ, ರಾತ್ರಿ ಆಕ್ಸಿಜನ್ ಇಳಿಯುತ್ತಿದೆಯಾ ನೋಡಿ ಅಂತ ಡಾಕ್ಟರಿಗೆ ಬರೆದೆ. ಬೆರಳಿಗೆ ಯಂತ್ರ ಹಾಕಿ ಇಡೀ ರಾತ್ರಿ ನೋಡಿದರು, ಸರಿಯಿತ್ತು. ತಲೆನೋವಿಗೆ ಕಾರಣ ಬೇರೆ ಇತ್ತು, ಅದು ಉಪ್ಪಿನದು.

ಅದಕ್ಕೂ ಮೊದಲು ಅವ್ವನ ನಿದ್ದೆಯ ಮಾತು. ಎಂಟು ವರ್ಷದಿಂದ ಮಗಳ ಪಕ್ಕದಲ್ಲೇ ಮಲಗಿ ಪ್ರತಿ ಕೆಮ್ಮಿಗೂ ಎದ್ದು ಕೂರುತ್ತಿದ್ದರು. 2014ರಲ್ಲಿ ಒಂಬತ್ತು ದೇಶಗಳ ಈ ಕುಟುಂಬಗಳ ಮೇಲೆ ನಡೆದ ಅಧ್ಯಯನದಲ್ಲಿ ನೂರಕ್ಕೆ 37 ತಾಯಂದಿರಲ್ಲಿ ಖಿನ್ನತೆಯ ಲಕ್ಷಣ ಕಂಡಿತ್ತು, ಮಕ್ಕಳಿಗಿಂತ ಎಷ್ಟೋ ಜಾಸ್ತಿ. ಅದೇ ಪ್ರಶ್ನಾವಳಿ ಅವ್ವನಿಗೂ ಕೊಟ್ಟೆ. ಮಗಳಿಗಿಂತ ಎರಡುಪಟ್ಟು ಅಂಕ. ಅವರಿಗೆ ಬೇರೆ ಭೇಟಿಗಳು ನಡೆದವು, ಅದರ ವಿವರ ಇಲ್ಲಿ ಬೇಡ. ಪಕ್ಕದ ಕೋಣೆಗೆ ಹಾಸಿಗೆ ಹಾಕಿಕೊಂಡರು, ಬಾಗಿಲು ತೆರೆದಿಟ್ಟು. ಮೊದಲ ಕೆಲವು ರಾತ್ರಿ ಅವರಿಗೇ ನಿದ್ದೆ ಬರಲಿಲ್ಲ.

ಈಗ ಉಪ್ಪು. ಏಪ್ರಿಲ್‌ನಲ್ಲಿ ಆ ಕಡೆ ಬಿಸಿಲು 40 ಡಿಗ್ರಿ ಹತ್ತಿರ ಇರುತ್ತದೆ. ಪಲ್ಲವಿಯ ಕಪ್ಪು ಬಟ್ಟೆಯ ಮೇಲೆ ಬೆವರು ಆರಿದಲ್ಲೆಲ್ಲ ಬಿಳಿ ಗೀಟು ಬರುತ್ತಿತ್ತು. ಬೇರೆಯವರಿಗೆ ಬೆವರಿದರೆ ರಕ್ತದಲ್ಲಿ ಉಪ್ಪಿನ ಪ್ರಮಾಣ ಏರಿ ಬಾಯಾರಿಕೆ ಆಗುತ್ತದೆ. ಇವರಿಗೆ ನೀರಿನ ಜೊತೆ ಉಪ್ಪೂ ಹೋಗಿಬಿಡುವುದರಿಂದ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲ. ಬಾಯಾರಿದಾಗ ಕುಡಿ ಅನ್ನುವ ಮಾತು ಇವರಿಗೆ ಕೆಲಸ ಮಾಡದು. ಬರೀ ನೀರು ಕುಡಿದರೂ ಸಾಲದು, ಉಪ್ಪು ಬೇಕು. ಓಆರ್‌ಎಸ್, ಉಪ್ಪು ಹಾಕಿದ ಲಿಂಬೆ ಶರಬತ್ತು, ಉಪ್ಪು ಮಜ್ಜಿಗೆ, ಗಡಿಯಾರ ನೋಡಿ ಕುಡಿಯಬೇಕು. ಎಷ್ಟು ಅನ್ನುವುದನ್ನು ಡಯಟೀಶಿಯನ್ ರಕ್ತ ಪರೀಕ್ಷೆ ನೋಡಿ ಹೇಳಿದರು. ವಾಂತಿ, ಮೀನಖಂಡ ಹಿಡಿದುಕೊಳ್ಳುವುದು, ವಿಪರೀತ ಸುಸ್ತು ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ. ಬೆಳಗಿನ ತಲೆನೋವು ಇದಾದ ಮೇಲೆ ಹೋಯಿತು.

ವ್ಯಾಯಾಮದ ವಿಷಯದಲ್ಲಿ ಅವಳ ತಪ್ಪೇ ಇರಲಿಲ್ಲ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುತ್ತಿದ್ದಳು. ಆಡುವಾಗ ಕೆಮ್ಮು ಬರುತ್ತದೆ, ಕಫ ಬರುತ್ತದೆ ಅಂತ ಮನೆಯವರು, ಶಾಲೆಯವರು ಸೇರಿ ಬಿಡಿಸಿದರು. ಐದು ವರ್ಷ ಆಡಬೇಡ, ದಣಿಯಬೇಡ ಅಂದವರೇ ಈಗ ಎಕ್ಸರ್‌ಸೈಜ್ ಮಾಡು ಅಂದರೆ ಮಾರಿ ತಿರುವದೆ ಏನು ಮಾಡುತ್ತಾಳೆ? ಓಡುವಾಗ ಕೆಮ್ಮಿ ಕಫ ಬಂದರೆ ಅದು ಒಳ್ಳೆಯದು, ಅದಕ್ಕೇ ಓಡುವುದು. ರಕ್ತ ಬಂದರೆ, ಎದೆ ನೋವಾದರೆ, ನಿಂತಾಗಲೂ ಉಸಿರು ಹಿಡಿದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ಫೋನು ಮಾಡಬೇಕು. 1992ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ, ಮೈಗೆ ಆಕ್ಸಿಜನ್ ಬಳಸುವ ಶಕ್ತಿ ಹೆಚ್ಚಿದ್ದ ಗುಂಪಿನಲ್ಲಿ ಎಂಟು ವರ್ಷದ ಮೇಲೆ ನೂರಕ್ಕೆ 83 ಜನ ಬದುಕಿದ್ದರು, ಕಡಿಮೆಯಿದ್ದ ಗುಂಪಿನಲ್ಲಿ 28. ಗಟ್ಟಿಯಿದ್ದವರೇ ಚೆನ್ನಾಗಿ ಓಡಿರಬಹುದು, ಹಾಗಾಗಿ ಎಲ್ಲ ವ್ಯಾಯಾಮದ್ದೇ ಪುಣ್ಯ ಅಂತ ಹೇಳಲಾಗದು, ಆದರೂ ಕಡೆಗಣಿಸುವ ಅಂಕಿ ಅಲ್ಲ. ಇದನ್ನು ಪಲ್ಲವಿಗೆ ಹೇಳಲಿಲ್ಲ. ಹೆದರಿಸಿ ಓಡಿಸಿದರೆ ಒಂದು ವಾರ ಓಡುತ್ತಾರೆ.

ಜಿಮ್ ಬೇಡ ಅಂದಳು, ಊರಲ್ಲಿ ಹುಡುಗಿಯರು ಹೋಗುವ ಜಿಮ್ ಇಲ್ಲ. ಮಹಡಿಯ ಮೇಲೆ ಬಿಸಿಲೇರುವ ಮೊದಲು ಹಗ್ಗದಾಟ, ತಮ್ಮನ ಜೊತೆ. ಹತ್ತು ನಿಮಿಷದಿಂದ ಶುರು. ಜಿಗಿಯುವುದರಿಂದ ಕಫ ಅಲುಗಾಡುತ್ತದೆ, ನಡುನಡುವೆ ಫಿಸಿಯೋ ಕಲಿಸಿದ ಹಾಗೆ ಬಾಯಿ ತೆರೆದು ಹಾ ಅಂತ ಜೋರಾಗಿ ಉಸಿರು ಬಿಟ್ಟು ಕಫ ತೆಗೆಯುವುದು. ವಾರಕ್ಕೆ ಎರಡು ಮೂರು ದಿನ ಬೈಠಕ್, ಅಂಗಡಿಯ ಸಣ್ಣ ಅಕ್ಕಿ ಚೀಲ ಎತ್ತುವುದು. ಓಡಾಡಿದರೆ ನೆಬ್ಯುಲೈಜರ್ ಬಿಡಬಹುದಾ ಅಂತ ಆಸೆಯಿಂದ ಕೇಳಿದಳು. ಇಲ್ಲ, ಅದನ್ನು ಬಿಡುವ ಮಾತು ಡಾಕ್ಟರು, ಫಿಸಿಯೋ ಹೇಳಬೇಕು. ನಿನಗೇ ಒಂದು ಗುರಿ ಇಟ್ಟುಕೋ ಅಂದಾಗ ಅಂಜನಾದ್ರಿ ಬೆಟ್ಟ ಅಂದಳು. ಆನೆಗೊಂದಿ ಹತ್ತಿರದ್ದು, 575 ಮೆಟ್ಟಿಲು. ಗೆಳತಿಯರೆಲ್ಲ ಹತ್ತಿದ್ದಾರೆ, ಇವಳು ಪ್ರತಿ ಸಲ ಕೆಳಗೆ ಚಪ್ಪಲಿ ಕಾಯುತ್ತ ಕೂತಿದ್ದಳು.

ನಡುವೆ ಎರಡು ಪ್ರಶ್ನೆ ಕೇಳಿದ್ದಳು, ಬೇರೆಯವರಿಗೂ ಉಪಯೋಗ ಆಗಬಹುದು. ಇದೇ ಕಾಯಿಲೆಯ ಬೇರೆ ಹುಡುಗಿಯರನ್ನು ಭೇಟಿ ಮಾಡಬೇಕು ಅಂದಳು. ಮುಖಾಮುಖಿ ಬೇಡ, ಒಬ್ಬರ ಎದೆಯ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ಹರಡುತ್ತದೆ, ಕ್ಲಿನಿಕ್ಕಿನಲ್ಲೂ ಕನಿಷ್ಠ ಆರು ಅಡಿ ದೂರ ಇರಿಸುತ್ತಾರೆ. ವಿಡಿಯೋ ಕಾಲ್ ಮಾಡು. ಈಗ ಚೆನ್ನೈ ಕಡೆಯ ಒಬ್ಬಳ ಜೊತೆ ದಿನಾ ಹರಟೆ, ಹಿಂದಿ ಇಂಗ್ಲಿಷ್ ಬೆರೆಸಿ. ಎರಡನೆಯದು, ಹೊರದೇಶದ ಹೊಸ ಮಾತ್ರೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೂರು ಔಷಧಿ ಸೇರಿದ ಮಾತ್ರೆ ಕಾಯಿಲೆಯ ಮೂಲಕ್ಕೇ ಕೈ ಹಾಕುತ್ತದೆ, ಆದರೆ ಎಲ್ಲರ ಜೀನ್ ದೋಷಕ್ಕೂ ಹೊಂದುವುದಿಲ್ಲ, ಬೆಲೆ ನಮ್ಮ ಕೈಗೆಟುಕುವುದಲ್ಲ. ಮೊದಲು ಜೀನ್ ಪರೀಕ್ಷೆಯ ವರದಿ ಡಾಕ್ಟರ ಹತ್ತಿರ ತೋರಿಸಿ ಕೇಳಿ ಅಂದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದೆ, ನೆರವು ಸಿಗುತ್ತದಾ ಅಂತ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿಶಾಸ್ತ್ರ ಕೇಂದ್ರ ಸೇರಿ ನಡೆಸುವ ಉತ್ಕೃಷ್ಟತಾ ಕೇಂದ್ರದಲ್ಲಿ ವಿಚಾರಿಸಬೇಕು. ಇನ್ನೊಂದು ಎಚ್ಚರಿಕೆ. ಆ ಮಾತ್ರೆ ನುಂಗುವವರಲ್ಲಿ ತೂಕ ಹೆಚ್ಚುತ್ತಿದೆ ಅಂತ ಅಲ್ಲಿನ ಡಯಟೀಶಿಯನ್‌ಗಳು ಈಗ ಜಿಡ್ಡು ಕಡಿಮೆ ಮಾಡಿ ಅನ್ನುತ್ತಿದ್ದಾರೆ. ಅದನ್ನು ಓದಿ ಇಲ್ಲಿ ನೀವು ತುಪ್ಪ ಬಿಡಬೇಡಿ.

ಮೂರು ತಿಂಗಳಿಗೆ ತೂಕ 40 ಕೆಜಿ ಮುಟ್ಟಿತು. ಪರೀಕ್ಷೆ ಸಮಯದಲ್ಲಿ ಎಲ್ಲ ಏರುಪೇರಾಯಿತು, ರಾತ್ರಿ ಓದು, ಊಟ ತಪ್ಪಿದ್ದು, ಎದೆ ಸೋಂಕಾಗಿ ಎರಡು ವಾರ ಆಸ್ಪತ್ರೆಯಲ್ಲಿ ನರಕ್ಕೆ ಆ್ಯಂಟಿಬಯೋಟಿಕ್. ಇದು ಸೋಲಲ್ಲ, ಈ ಕಾಯಿಲೆಯ ದಾರಿಯೇ ಹೀಗೆ ಅಂತ ಅವಳಿಗಿಂತ ಅಪ್ಪನಿಗೆ ತಿಳಿಸಿ ಹೇಳಬೇಕಾಯಿತು. ಆಸ್ಪತ್ರೆಯಲ್ಲೂ ಫಿಸಿಯೋ ಅವಳನ್ನು ಕಾರಿಡಾರಿನಲ್ಲಿ ನಡೆಸುತ್ತಿದ್ದರು. ಜನವರಿಯಲ್ಲಿ ಅಂಜನಾದ್ರಿಗೆ ಹೋದರು. ಮುನ್ನೂರು ಮೆಟ್ಟಿಲ ಹತ್ತಿರ ಸಾಕಾಯಿತು, ಓಆರ್‌ಎಸ್ ಕುಡಿದು ಇಳಿದು ಬಂದಳು. ಇನ್ನುಳಿದದ್ದು ಮುಂದಿನ ವರ್ಷ ಅಂತ ಮೆಸೇಜ್ ಹಾಕಿದ್ದಳು. ಅವ್ವನಿಂದ ಬೇರೆ ಮೆಸೇಜ್ ಬಂತು, ಇಷ್ಟು ಯಾಕೆ ಹತ್ತಿಸಿದಿರಿ ಅಂತ.

ಸದ್ಯಕ್ಕೆ ಜಗಳ ಉಳಿದಿರುವುದು ಭಾನುವಾರದ ಬೆಳಗಿನದು. ಆ ದಿನ ಅವಳು ಎಂಟರವರೆಗೆ ಏಳುವುದಿಲ್ಲ, ಹಗ್ಗದಾಟವೂ ಇಲ್ಲ. ನೀವು ಒಂದು ಮಾತು ಹೇಳಿ ಅಂತ ಅವ್ವ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಡಾಕ್ಟರ ಹತ್ತಿರ ಕೇಳಿದೆ, ಭಾನುವಾರದ ನೆಬ್ಯುಲೈಜರ್ ಎಂಟೂವರೆಗೆ ಆದರೆ ಏನೂ ತೊಂದರೆ ಇಲ್ಲ ಅಂದರು. ಹಾಗಾಗಿ ನಾನು ಹೇಳುವುದಿಲ್ಲ, ಮಲಗಲಿ ಬಿಡಿ ಅಂತಲೇ ಹೇಳಿದ್ದೇನೆ.